ಪರದೇಶದ ಪ್ರವಾಸದಲ್ಲಿ ಬಸುರಿಯ ಊಟ: ರೊಟ್ಟಿ ಡಬ್ಬಿಯಿಂದ ಹೋಟೆಲ್ ಮೇಜಿನವರೆಗೆ

ದ್ರಾಕ್ಷಿ ಕಟಾವು ಮುಗಿದು, ಶೆಡ್ಡಿನಲ್ಲಿ ಒಣಗಿದ ಮಣೂಕ ತಾಸಗಾಂವ, ಸಾಂಗ್ಲಿ ಪೇಟೆಗೋ ವಿಜಯಪುರದ ಎಪಿಎಂಸಿಗೋ ಹೋದ ಮೇಲೆ ತಿಕೋಟಾ, ಬಬಲೇಶ್ವರ ಭಾಗದ ಮನೆಗಳಿಗೆ ಸ್ವಲ್ಪ ಬಿಡುವು. ಮಕ್ಕಳಿಗೂ ಸೂಟಿ. ಹಿಂದೆ ಈ ಹೊತ್ತಿಗೆ ಪಂಢರಪುರ, ತುಳಜಾಪುರ, ಶ್ರೀಶೈಲದ ಮಾತು ಬರುತ್ತಿತ್ತು. ಈಗ ಅದರ ಜೊತೆಗೆ ದುಬೈ, ಸಿಂಗಪುರ, ಥಾಯ್ಲೆಂಡ್ ಮಾತೂ ಬರುತ್ತದೆ. ವಿಜಯಪುರ ನಗರದ ಮುಸ್ಲಿಂ ಕುಟುಂಬಗಳು ಮನೆಮಂದಿಯೆಲ್ಲ ಕೂಡಿ ಉಮ್ರಾಕ್ಕೆ ಹೋಗಿಬರುತ್ತಾರೆ. ಇಂಥ ಪ್ರವಾಸ ಗೊತ್ತಾದಾಗ ಮನೆಯಲ್ಲಿ ನಾಲ್ಕೈದು ತಿಂಗಳ ಬಸುರಿ ಸೊಸೆಯೋ ಮಗಳೋ ಇದ್ದರೆ ಎಲ್ಲರ ಮೊದಲ ಪ್ರಶ್ನೆ, "ಇಕಿ ವಿಮಾನ ಹತ್ತಬಹುದೇನ್ರಿ ಡಾಕ್ಟರ?" ಊಟದ ಬಗ್ಗೆ ಯಾರೂ ಕೇಳುವುದಿಲ್ಲ. ಅಲ್ಲಿಗೆ ಹೋದ ಮೇಲೆ ದಿನಕ್ಕೆ ಮೂರು ಹೊತ್ತು ಎದುರಿಗೆ ಬಂದು ನಿಲ್ಲುವುದು ಮಾತ್ರ ಅದೇ.

ಹೋಟೆಲಿನ ಊಟ ಬಾಯಿಗೆ ಹಿಡಿಸುವುದಿಲ್ಲ. ವಾಸನೆಗೇ ಹೊಟ್ಟೆ ತೊಳೆಸುತ್ತದೆ. ದುಡ್ಡು ಕೊಟ್ಟು ಬಂದಿದ್ದೇವೆ, ಎಲ್ಲರ ಖುಷಿ ಕೆಡಿಸಬಾರದು ಎಂದು ಆಕೆ ಸುಮ್ಮನಾಗುತ್ತಾಳೆ. ಮನೆಯವರೂ "ನಾಕ ದಿನ ಅಷ್ಟ, ಹೆಂಗರ ಹೊಂದಿಸ್ಕೊ" ಅನ್ನುತ್ತಾರೆ. ಬಸುರಿಗೆ ಹೇಳಬಾರದ ಮಾತು ಇದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಪ್ರಕಾರ ಗರ್ಭಿಣಿಗೆ ದಿನಕ್ಕೆ ಸುಮಾರು 350 ಕಿಲೋಕ್ಯಾಲೊರಿಯಷ್ಟು ಹೆಚ್ಚಿನ ಆಹಾರ ಬೇಕು. ಖಾಲಿ ಹೊಟ್ಟೆಯಲ್ಲಿ ಓಕರಿಕೆ ಇನ್ನೂ ಹೆಚ್ಚುತ್ತದೆ. ಇನ್ನೊಂದು ತೊಂದರೆ ಕಣ್ಣಿಗೆ ಬೀಳುವುದಿಲ್ಲ. ಬಿಸಿ ಅಡುಗೆ ಸೇರದೆ ಹಸಿದವಳು ಕೊನೆಗೆ ಕೈಹಾಕುವುದು ಹೆಚ್ಚಿ ಇಟ್ಟ ಹಣ್ಣು, ಸಲಾಡ್, ತಣ್ಣನೆಯ ಸ್ಯಾಂಡ್‌ವಿಚ್‌ಗೆ. ಗರ್ಭಿಣಿಗೆ ಸೋಂಕು ತಗಲುವ ಸಾಧ್ಯತೆ ಹೆಚ್ಚಿರುವುದು ಆ ತಟ್ಟೆಗಳಲ್ಲೇ. ಹಾಗಾಗಿ ರುಚಿಯ ಏರ್ಪಾಡು ಮತ್ತು ಆರೋಗ್ಯದ ಏರ್ಪಾಡು ಎರಡೂ ಒಂದೇ ಕೆಲಸ, ಅದು ವಿಜಯಪುರದಲ್ಲೇ ಶುರುವಾಗಬೇಕು.

ಟಿಕೆಟ್‌ಗಿಂತ ಮೊದಲು

ಪ್ರಯಾಣಕ್ಕೆ ಒಳ್ಳೆಯ ಕಾಲ 14ರಿಂದ 28 ವಾರ. ಅಷ್ಟು ಹೊತ್ತಿಗೆ ವಾಂತಿ, ಸಂಕಟ ಬಹುಮಂದಿಗೆ ಇಳಿದಿರುತ್ತದೆ, ಹೊಟ್ಟೆಯೂ ತೀರಾ ಭಾರವಾಗಿರುವುದಿಲ್ಲ. 28 ವಾರ ದಾಟಿದರೆ ಹಲವು ವಿಮಾನ ಸಂಸ್ಥೆಗಳು ವೈದ್ಯರ ಪತ್ರ ಕೇಳುತ್ತವೆ. ತೊಂದರೆಯಿಲ್ಲದ ಒಂಟಿ ಗರ್ಭವಿದ್ದರೂ 36 ವಾರದ ಆಚೆ ಸಾಮಾನ್ಯವಾಗಿ ಹತ್ತಿಸಿಕೊಳ್ಳುವುದಿಲ್ಲ. ಅವಳಿ ಇದ್ದರೆ ಅದಕ್ಕಿಂತ ಮೊದಲೇ ನಿಲ್ಲಿಸುತ್ತಾರೆ. ಹೋಗುವ ದಿನವಲ್ಲ, ಮರಳುವ ದಿನಕ್ಕೆ ಎಷ್ಟು ವಾರವಾಗುತ್ತದೆ ಎಂದು ಲೆಕ್ಕ ಹಾಕಿ.

ವೈದ್ಯರ ಬಳಿ ಹೋದಾಗ ಊಟದ ಮಾತನ್ನೂ ತೆಗೆಯಿರಿ. ಹಿಮೋಗ್ಲೋಬಿನ್ ಎಷ್ಟಿದೆ, ಸಕ್ಕರೆ ಇದೆಯೇ, ಬಿಪಿ ಹೇಗಿದೆ ಎನ್ನುವುದರ ಮೇಲೆ ಚೀಲದಲ್ಲಿ ಏನಿರಬೇಕು ಎಂಬುದು ಬದಲಾಗುತ್ತದೆ. ಸಕ್ಕರೆ ಇರುವವರಿಗೆ ಮಣೂಕ, ಉಂಡಿ, ಹೋಳಿಗೆ ಎಣಿಸಿ ತಿನ್ನುವ ಪದಾರ್ಥ. ಬಿಪಿ ಇದ್ದರೆ ಉಪ್ಪಿನಕಾಯಿಯನ್ನು ನೆಚ್ಚಿಕೊಂಡು ಊಟ ಮಾಡುವಂತಿಲ್ಲ. ವಾಂತಿಗೆ ಮಾತ್ರೆ ಬೇಕಿದ್ದರೆ ಇಲ್ಲೇ ಬರೆಸಿಕೊಳ್ಳಿ. ಕಬ್ಬಿಣಾಂಶ, ಕ್ಯಾಲ್ಸಿಯಂ ಮಾತ್ರೆಗಳನ್ನು ಪ್ರವಾಸದ ದಿನಗಳಿಗಿಂತ ಒಂದು ವಾರದಷ್ಟು ಹೆಚ್ಚಿಗೆ, ಮೂಲ ಪಟ್ಟಿಯಲ್ಲೇ, ಚೀಟಿಯ ಸಮೇತ ಇಟ್ಟುಕೊಳ್ಳಿ. ಪ್ರಯಾಣ ವಿಮೆ ಮಾಡಿಸುವಾಗ ಗರ್ಭಕ್ಕೆ ಸಂಬಂಧಿಸಿದ ಚಿಕಿತ್ಸೆ ಅದರಲ್ಲಿ ಸೇರಿದೆಯೇ ಎಂದು ಬರಹದಲ್ಲಿ ಕೇಳಿ. ಬಹಳಷ್ಟು ಪಾಲಿಸಿಗಳಲ್ಲಿ ಸೇರಿರುವುದಿಲ್ಲ.

ಆಮೇಲೆ ಉಳಿಯುವ ಜಾಗ. ಅಡುಗೆ ಮಾಡಿಕೊಳ್ಳುವ ಸೌಕರ್ಯವಿರುವ ಸರ್ವಿಸ್ ಅಪಾರ್ಟ್‌ಮೆಂಟ್ ಸಿಕ್ಕರೆ ಸಮುದ್ರ ಕಾಣುವ ಕೋಣೆಯನ್ನು ಬಿಟ್ಟು ಅದನ್ನೇ ಹಿಡಿಯಿರಿ. ಒಂದು ಕುಕ್ಕರ್ ಅನ್ನ, ಒಂದಿಷ್ಟು ಬೇಳೆ ಬೇಯಿಸಿಕೊಂಡರೆ ಅರ್ಧ ಚಿಂತೆ ಮುಗಿಯಿತು. ಅದು ಆಗದಿದ್ದರೆ ಕೋಣೆಯಲ್ಲಿ ನೀರು ಕುದಿಸುವ ಕೆಟಲ್ ಮತ್ತು ಸಣ್ಣ ಫ್ರಿಜ್ ಇದೆಯೇ ಎಂದು ಕೇಳಿ. ಟೂರ್ ಕಂಪನಿಯ ಜೊತೆ ಹೋಗುವುದಾದರೆ 'ಭಾರತೀಯ ಊಟ' ಎಂಬ ಎರಡು ಪದಕ್ಕೆ ಸಮಾಧಾನಪಡಬೇಡಿ. ಯಾವ ದಿನ, ಯಾವ ಹೊತ್ತು, ಬಿಸಿಯೋ ಪೊಟ್ಟಣವೋ, ನಡುವೆ ಎಷ್ಟು ತಾಸಿನ ಅಂತರ ಎಂಬುದನ್ನೆಲ್ಲ ಬರೆಸಿಕೊಳ್ಳಿ.

ಚೀಲದಲ್ಲಿ ಏನಿರಬೇಕು

ಇಲ್ಲಿ ನಮ್ಮ ಜಿಲ್ಲೆಯ ಅದೃಷ್ಟ ದೊಡ್ಡದು. ದೂರದ ಪ್ರಯಾಣಕ್ಕೆಂದೇ ಹುಟ್ಟಿದಂಥ ಅಡುಗೆ ನಮ್ಮದು. ಜೋಳದ ಕಡಕ ರೊಟ್ಟಿ, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ಕಬ್ಬಿಣದ ಮಾತ್ರೆಯಿಂದ ಮಲಬದ್ಧತೆಯಾಗುವವರಿಗೆ ಜೋಳ, ಸಜ್ಜಿಯ ನಾರು ಒಳ್ಳೆಯದು. ವಿದೇಶದ ಮೈದಾ ಬ್ರೆಡ್ಡಿನಲ್ಲಿ ಅದು ಸಿಗುವುದಿಲ್ಲ. ರೊಟ್ಟಿಯನ್ನು ಅಗಲವಾದ ಗಟ್ಟಿ ಡಬ್ಬಿಯಲ್ಲಿ, ನಡುನಡುವೆ ಕಾಗದ ಹಾಕಿ ಜೋಡಿಸಿ, ಇಲ್ಲದಿದ್ದರೆ ಬಿಚ್ಚುವಾಗ ಪುಡಿಯಾಗಿರುತ್ತದೆ. ಪುಡಿಯಾದರೂ ಚಿಂತೆಯಿಲ್ಲ, ಬಿಸಿ ಬೇಳೆಯಲ್ಲೋ ಮೊಸರಿನಲ್ಲೋ ನೆನೆಸಿ ತಿನ್ನಬಹುದು. ಮಾಡಲು ಪುರಸೊತ್ತಿಲ್ಲದವರಿಗೆ ವಿಜಯಪುರದಲ್ಲಿ ರೊಟ್ಟಿ ಬಡಿದು ಮಾರುವ ಹೆಣ್ಣುಮಕ್ಕಳಿದ್ದಾರೆ, ವಾರದ ಮೊದಲೇ ಹೇಳಿಡಿ.

ಅದರ ಜೊತೆಗೆ ಶೇಂಗಾ ಹಿಂಡಿ, ಗುರೆಳ್ಳ ಹಿಂಡಿ. ಒಂದು ಬಟ್ಟಲು ಮೊಸರು, ಎರಡು ಚಮಚ ಶೇಂಗಾ ಹಿಂಡಿ, ಒಂದು ರೊಟ್ಟಿ ಸೇರಿದರೆ ಅದು ಹೊಟ್ಟೆ ತುಂಬುವ, ಪ್ರೋಟೀನ್ ಇರುವ ಊಟ. ಮೊಸರು ಯಾವ ದೇಶದ ಅಂಗಡಿಯಲ್ಲೂ ಸಿಗುತ್ತದೆ. ಹಿಂಡಿಗೆ ಖಾರ ಸ್ವಲ್ಪ ಕಡಿಮೆ ಹಾಕಿಸಿ; ಬಸುರಿಯರಿಗೆ ಎದೆಯುರಿ ಬೇಗ ಬರುತ್ತದೆ. ಪಂಚಮಿಗೆ ಮಾಡುವ ಅಳ್ಳಿಟ್ಟನ್ನು ಮರೆಯಬೇಡಿ. ಕೆಟಲ್‌ನ ಬಿಸಿನೀರು, ಒಂದಿಷ್ಟು ಬೆಲ್ಲ ಇದ್ದರೆ ಅದು ನಡುರಾತ್ರಿಯಲ್ಲೂ ಐದು ನಿಮಿಷದ ಕೆಲಸ. ಹುರಿದ ಶೇಂಗಾ, ಪುಟಾಣಿ, ಖಾರ ಕಡಿಮೆಯ ಚೂಡಾ, ತಿಕೋಟಾ ಕಡೆಯ ಒಳ್ಳೆಯ ಮಣೂಕ ಇವನ್ನು ಸಣ್ಣ ಸಣ್ಣ ಪೊಟ್ಟಣ ಕಟ್ಟಿ ಕೈಚೀಲದಲ್ಲಿ ಇಡಿ. ಮಣೂಕವನ್ನು ಮನೆಯಲ್ಲೇ ತೊಳೆದು, ಚೆನ್ನಾಗಿ ಆರಿಸಿ ಒಯ್ಯಿರಿ. ಹುರಿದ ರವೆಯ ಉಪ್ಪಿಟ್ಟಿನ ಮಿಶ್ರಣವನ್ನು ಮುಚ್ಚಳದ ಬಿಸಿ ಡಬ್ಬಿಗೆ ಹಾಕಿ, ಕುದಿಯುವ ನೀರು ಸುರಿದು ಹತ್ತು–ಹದಿನೈದು ನಿಮಿಷ ಮುಚ್ಚಿಟ್ಟರೆ ಬೆಳಗಿನ ತಿಂಡಿ ತಯಾರು. ಕೆಟಲ್‌ನೊಳಗೆ ಮಾತ್ರ ನೀರಲ್ಲದೆ ಬೇರೇನೂ ಹಾಕಬೇಡಿ. ವಿದ್ಯುತ್ ಒಲೆ, ಮಿನಿ ಕುಕ್ಕರ್ ಬಳಸಲು ಹಲವು ಹೋಟೆಲುಗಳು ಬಿಡುವುದಿಲ್ಲ, ಹೊಗೆಗೆ ಬೆಂಕಿಯ ಎಚ್ಚರಿಕೆ ಗಂಟೆ ಹೊಡೆದುಕೊಳ್ಳುತ್ತದೆ.

ಒಯ್ಯಬಾರದ್ದು

ಈ ಭಾಗವನ್ನು ಮನೆಯ ಹಿರಿಯರಿಗೆ ಓದಿ ಹೇಳಿ. ಬಸುರಿಗೆಂದು ಪ್ರೀತಿಯಿಂದ ಕಟ್ಟಿದ ಅಂಟಿನುಂಡಿಯಲ್ಲಿ ಗಸಗಸೆ ಬಿದ್ದಿದ್ದರೆ ಅದನ್ನು ದುಬೈಗೆ, ಸೌದಿಗೆ, ಸಿಂಗಪುರಕ್ಕೆ ಒಯ್ಯಲೇಬಾರದು. ಗಸಗಸೆ ಅಫೀಮು ಗಿಡದ ಬೀಜ. ಆ ದೇಶಗಳಲ್ಲಿ ಅದು ಮಾದಕವಸ್ತುವಿನ ಕಾನೂನಿನಡಿ ಬರುತ್ತದೆ. ಕರದಂಟು ಕೊಂಡರೂ ಅದರಲ್ಲಿ ಗಸಗಸೆ ಇದೆಯೇ ಎಂದು ಕೇಳಿ. ಮಸಾಲೆ ಪುಡಿಗೂ ಇದೇ ಮಾತು. ಅತ್ತೆಯವರ ಎಲೆ–ಅಡಿಕೆ ಚಂಚಿಯೂ ದುಬೈಗೆ ಬರುವಂತಿಲ್ಲ, ಅಲ್ಲಿ ವೀಳ್ಯದೆಲೆ ನಿಷೇಧ. ಇಡೀ ಒಣ ಕೊಬ್ಬರಿ ಬಟ್ಟಲನ್ನು ವಿಮಾನದ ಚೆಕ್-ಇನ್ ಸಾಮಾನಿನಲ್ಲಿ ಹಾಕಬೇಡಿ. ಕೊಬ್ಬರಿ ಎಣ್ಣೆಯ ಪದಾರ್ಥ, ಬೆಂಕಿ ಹತ್ತುತ್ತದೆ ಎಂದು ಅದನ್ನು ತಡೆಯುತ್ತಾರೆ.

ಯುರೋಪ್ ಒಕ್ಕೂಟದ ದೇಶಗಳಿಗೆ, ಬ್ರಿಟನ್ನಿಗೆ ಹಾಲು ಮತ್ತು ಮಾಂಸದ ಪದಾರ್ಥ ಒಯ್ಯುವಂತಿಲ್ಲ. ಅಂದರೆ ತುಪ್ಪ, ಖವೆ, ಪೇಢೆ ಬೇಡ. ಆಸ್ಟ್ರೇಲಿಯಾ, ನ್ಯೂಜಿಲೆಂಡಿನಲ್ಲಿ ತಿನ್ನುವ ಪದಾರ್ಥ ಏನೇ ಇದ್ದರೂ ಇಳಿಯುವಾಗ ಕೊಡುವ ಫಾರಂನಲ್ಲಿ ಬರೆದು ತೋರಿಸಬೇಕು. ಬಚ್ಚಿಟ್ಟರೆ ದೊಡ್ಡ ದಂಡ. ತಾಜಾ ಹಣ್ಣನ್ನು ಯಾವ ದೇಶಕ್ಕೂ ಒಯ್ಯದಿರುವುದೇ ಕ್ಷೇಮ. ಓಕರಿಕೆಗೆ ನಮ್ಮ ಇಂಡಿ ಲಿಂಬೆಯ ವಾಸನೆಗಿಂತ ಒಳ್ಳೆಯದಿಲ್ಲ ನಿಜ, ಬಸ್ಸಿನಲ್ಲಿ, ವಿಮಾನದಲ್ಲಿ ಒಂದನ್ನು ಕೈಯಲ್ಲಿ ಹಿಡಿದಿರಿ. ಇಳಿಯುವ ಮುನ್ನ ಅಲ್ಲೇ ಬಿಟ್ಟುಬಿಡಿ. ಉಪ್ಪಿನಕಾಯಿ, ತುಪ್ಪ, ಮೊಸರು ದ್ರವದ ಲೆಕ್ಕಕ್ಕೆ ಬರುವುದರಿಂದ ವಿಮಾನದೊಳಗಿನ ಕೈಚೀಲದಲ್ಲಿ 100 ಮಿಲಿಲೀಟರ್ ಮೀರುವಂತಿಲ್ಲ.

ಊರು ಬಿಟ್ಟ ರಾತ್ರಿ

ವಿಜಯಪುರದವರ ವಿದೇಶ ಪ್ರವಾಸ ವಿಮಾನ ನಿಲ್ದಾಣದಲ್ಲಿ ಶುರುವಾಗುವುದಿಲ್ಲ. ಬೆಂಗಳೂರಿಗೋ ಹೈದರಾಬಾದಿಗೋ ಮುಂಬೈಗೋ ಮೊದಲು ರಾತ್ರಿಯಿಡೀ ಬಸ್ಸು, ರೈಲು ಅಥವಾ ಕಾರು. ನಿಲ್ದಾಣದಲ್ಲಿ ಮತ್ತೆ ಮೂರು ತಾಸು. ವಿಮಾನದ ಊಟ ಕೈಗೆ ಬರುವಷ್ಟರಲ್ಲಿ ಮನೆಯ ಊಟ ಮಾಡಿ ಮುಕ್ಕಾಲು ದಿನ ಕಳೆದಿರುತ್ತದೆ. ಆ ರಾತ್ರಿಗೆ ಚಪಾತಿ, ನೀರಿಲ್ಲದ ಕಾಳುಪಲ್ಯ ಕಟ್ಟಿಕೊಂಡು ಅಂದೇ ಮುಗಿಸಿ, ಮರುದಿನಕ್ಕೆ ಉಳಿಸಬೇಡಿ. ಬೆಳಗಿನಿಂದ ಒಣ ತಿಂಡಿಯ ಚೀಲ ಬಿಚ್ಚಿ. ಎರಡು–ಮೂರು ತಾಸಿಗೊಮ್ಮೆ ಸ್ವಲ್ಪ ಸ್ವಲ್ಪ ತಿನ್ನುವುದೇ ಸಂಕಟಕ್ಕೆ ಮದ್ದು.

ವಿಮಾನದ ಊಟವನ್ನು ಹೊರಡುವ 24ರಿಂದ 48 ತಾಸು ಮೊದಲೇ ಹೇಳಿಡಬೇಕು. ಭಾರತೀಯ ಬಗೆಯ ಸಸ್ಯಾಹಾರಕ್ಕೆ ಎವಿಎಂಎಲ್, ಜೈನ ಊಟಕ್ಕೆ ವಿಜೆಎಂಎಲ್ ಎಂಬ ಗುರುತು ಇದೆ. ಬರೀ 'ವೆಜ್' ಅಂದರೆ ಬೇಯಿಸಿದ ಸೊಪ್ಪು, ಪಾಸ್ತಾ ಬರಬಹುದು. ಅಗ್ಗದ ಟಿಕೆಟಿನ ವಿಮಾನಗಳಲ್ಲಿ ಊಟ ಕೊಂಡುಕೊಳ್ಳಬೇಕು, ಅದೂ ಮೊದಲೇ ಹೇಳಿದರೆ ಮಾತ್ರ ಬೇಕಾದ್ದು ಸಿಗುತ್ತದೆ. ತಟ್ಟೆ ಬಂದಾಗ ಮುಟ್ಟಿ ನೋಡಿ. ಹೊಗೆಯಾಡುವಷ್ಟು ಬಿಸಿ ಇಲ್ಲದಿದ್ದರೆ ಮತ್ತೆ ಕಾಯಿಸಿಕೊಡಿ ಎಂದು ಕೇಳಲು ಸಂಕೋಚ ಬೇಡ. ನೀರು ಕುಡಿಯುತ್ತಿರಿ, ತಾಸಿಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಓಡಾಡಿ. ಗರ್ಭಿಣಿಯರ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಹೆಚ್ಚು.

ಹೋಟೆಲಿನ ಬಫೆಯ ಮುಂದೆ

ಬಾಗಿಲು ತೆರೆದ ಕೂಡಲೇ ಹೋಗಿ. ಅಡುಗೆ ಆಗ ಬಿಸಿಯಿರುತ್ತದೆ, ಎರಡು ತಾಸು ಹೊರಗೆ ಕೂತ ಆಹಾರದಲ್ಲಿ ರೋಗಾಣು ಬೆಳೆಯುತ್ತದೆ. 32 ಡಿಗ್ರಿಗಿಂತ ಹೆಚ್ಚು ಬಿಸಿಲಿದ್ದ ಕಡೆ ಒಂದು ತಾಸೇ ಸಾಕು. ಇಡೀ ಮೇಜನ್ನು ಒಮ್ಮೆ ಸುತ್ತಿ ನೋಡಿ, ಆಮೇಲೆ ತಟ್ಟೆ ಹಿಡಿಯಿರಿ. ಕುದಿಯುವ ಸೂಪ್, ಬಿಳಿ ಅನ್ನ, ಬೇಯಿಸಿದ ಆಲೂಗಡ್ಡೆ, ಟೊಮೆಟೊ ಗೊಜ್ಜಿನ ಪಾಸ್ತಾ, ಬೇಯಿಸಿದ ಬೀನ್ಸ್, ಆಗಷ್ಟೇ ಸುಟ್ಟ ಬ್ರೆಡ್, ಮುಚ್ಚಿದ ಕಪ್ಪಿನ ಮೊಸರು, ತಾವೇ ಸಿಪ್ಪೆ ಸುಲಿಯಬಹುದಾದ ಬಾಳೆಹಣ್ಣು, ಕಿತ್ತಳೆ: ಇವು ಎಲ್ಲ ಕಡೆ ಸಿಗುತ್ತವೆ. ಬಿಳಿ ಅನ್ನಕ್ಕೆ ಹಿಂಡಿ ಕಲಸಿ, ಮೊಸರು ಹಾಕಿ ಉಂಡರೆ ಪರದೇಶದ ಹೋಟೆಲಿನಲ್ಲೂ ನಾಲಗೆಗೆ ಊರು ಸಿಗುತ್ತದೆ. ತತ್ತಿ ತಿನ್ನುವವರು ಆಮ್ಲೆಟ್ ಎದುರಿಗೇ ಮಾಡಿಸಿಕೊಳ್ಳಿ, ಹಳದಿ ಭಾಗ ಗಟ್ಟಿಯಾಗುವ ತನಕ ಬೇಯಲಿ.

ಕೇಳಿದರೆ ಮಾಡಿಕೊಡುವ ಅಡುಗೆಯವರು ಎಲ್ಲ ದೇಶದಲ್ಲೂ ಇದ್ದಾರೆ. 'ಪ್ರೆಗ್ನೆಂಟ್' ಎಂಬ ಒಂದು ಪದ ಹೇಳಿದರೆ ಬಹಳಷ್ಟು ಕಡೆ ಅಡುಗೆಮನೆಯ ಬಾಗಿಲು ತೆರೆಯುತ್ತದೆ. ಖಾರವಿಲ್ಲದ ಬೇಳೆ, ಬಿಸಿ ಅನ್ನ, ಕಾಯಿಸಿದ ಹಾಲು ಕೇಳಿ. ಕೇಳುವವರು ಗಂಡನಾಗಿರಲಿ, ಮಾವನಾಗಿರಲಿ. ಆಕೆಯನ್ನೇ ಮುಂದೆ ದೂಡಬೇಡಿ.

ಇನ್ನು ಬಿಡಬೇಕಾದವು. ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ ಫ್ರಿಜ್ಜಿನ ತಂಪಿನಲ್ಲೂ ಬೆಳೆಯುತ್ತದೆ, ಚೆನ್ನಾಗಿ ಬೇಯಿಸಿದರೆ ಮಾತ್ರ ಸಾಯುತ್ತದೆ. ತಾಯಿಗೆ ಬರೀ ಮೈಕೈ ನೋವು, ಜ್ವರ ಬಂದು ಹೋಗಬಹುದು, ಮಗುವಿಗೆ ಅದು ಪ್ರಾಣಾಂತಿಕ, ಗರ್ಭಪಾತವೂ ಆಗಬಹುದು. ಆದ್ದರಿಂದ ಕಾಯಿಸದ ಹಾಲು, ಬ್ರೀ, ಕ್ಯಾಮೆಂಬೆರ್‌ನಂಥ ಮೆತ್ತನೆಯ ಚೀಸ್, ನೀಲಿ ಗೆರೆಯ ಚೀಸ್, ತಣ್ಣಗೆ ಕತ್ತರಿಸಿಟ್ಟ ಮಾಂಸ, ಹೊಗೆಯಲ್ಲಿಟ್ಟ ಮೀನು, ಸಿದ್ಧ ಸಲಾಡ್, ಹೆಚ್ಚಿಟ್ಟ ಕಲ್ಲಂಗಡಿ, ಕರಬೂಜ, ಹಸಿ ಮೊಳಕೆಕಾಳು ಬೇಡ. ಅರೆಬೆಂದ ಮಾಂಸದಲ್ಲಿ, ತೊಳೆಯದ ಸೊಪ್ಪಿನಲ್ಲಿ ಟಾಕ್ಸೊಪ್ಲಾಸ್ಮಾ ಎಂಬ ಪರಜೀವಿ ಇರಬಹುದು. ತಿರಾಮಿಸು, ಮೂಸ್‌ನಂಥ ಸಿಹಿಗಳಲ್ಲಿ ಹಸಿ ತತ್ತಿ ಇರುತ್ತದೆ, ಕೆಲವದರಲ್ಲಿ ಮದ್ಯವೂ. ಮೀನು ತಿನ್ನುವವರು ಶಾರ್ಕ್, ಕತ್ತಿಮೀನಿನಂಥ ದೊಡ್ಡ ಮೀನು ಬಿಡಿ, ಅವುಗಳಲ್ಲಿ ಪಾದರಸ ಹೆಚ್ಚು. ದಿನಕ್ಕೆ 200 ಮಿಲಿಗ್ರಾಂ ಕೆಫೀನ್ ಮಿತಿ. ಅಲ್ಲಿನ ಒಂದು ದೊಡ್ಡ ಲೋಟ ಕಾಫಿಯಲ್ಲೇ ಅದು ಮುಗಿಯಬಹುದು. ನೀರು ಮೊಹರಿನ ಬಾಟಲಿಯದ್ದೋ ಕುದಿಸಿದ್ದೋ ಇರಲಿ. ನೀರಿನಿಂದ ಹರಡುವ ಹೆಪಟೈಟಿಸ್ ಇ ಬೇರೆಯವರಿಗಿಂತ ಗರ್ಭಿಣಿಯರಿಗೆ ಬಹಳ ಅಪಾಯಕಾರಿ. ನಂಬಿಕೆಯಿಲ್ಲದ ಕಡೆ ಐಸ್ ಬೇಡ.

ದೇಶಕ್ಕೊಂದು ಎಚ್ಚರ

ಥಾಯ್ಲೆಂಡಿನಲ್ಲಿ ತರಕಾರಿ ಪಲ್ಯಕ್ಕೂ ಮೀನಿನ ಸಾಸ್ ಬೀಳುತ್ತದೆ, ಅದರ ಹೆಸರು 'ನಾಮ್ ಪ್ಲಾ'. ಶುದ್ಧ ಸಸ್ಯಾಹಾರಕ್ಕೆ 'ಜೇ' ಎಂದು ಹೇಳಿ. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರವಿರುವ ಅಂಗಡಿಗಳಲ್ಲಿ ಸಿಗುವುದು ಈ ಊಟವೇ. ಮಲೇಷ್ಯಾದ ಸಂಬಾಲಿನಲ್ಲಿ ಸಿಗಡಿಯ ಪೇಸ್ಟ್ ಇರುತ್ತದೆ, 'ಬೆಲಾಚಾನ್' ಅನ್ನುತ್ತಾರೆ. ಜಪಾನಿನ ಸಾರಿಗೆ ಮೀನಿನ ಕಟ್ಟು. ಲಿಂಗಾಯತ, ಬ್ರಾಹ್ಮಣ, ಜೈನ ಮನೆಗಳ ಹೆಣ್ಣುಮಕ್ಕಳು ಇದನ್ನು ತಿಂದ ಮೇಲೆ ಗೊತ್ತಾಗಿ ಎರಡು ದಿನ ಊಟ ಬಿಡುವುದಕ್ಕಿಂತ ಮೊದಲೇ ಕೇಳಿ ತಿನ್ನುವುದು ಒಳ್ಳೆಯದು.

ಸಿಂಗಪುರದಲ್ಲಿ ಸೆರಂಗೂನ್ ರಸ್ತೆಗೆ ಹೋದರೆ ಇಡ್ಲಿ, ದೋಸೆ, ಅನ್ನ–ಸಾರು ಸಿಗುತ್ತವೆ. 1947ರಿಂದ ನಡೆದಿರುವ ಕೋಮಲ ವಿಲಾಸ ಅಲ್ಲೇ ಇದೆ, ನಮ್ಮ ಬೆಂಗಳೂರಿನ ಎಂಟಿಆರ್ ಕೂಡ ಆ ರಸ್ತೆಗೆ ಬಂದಿದೆ. ದುಬೈಯಲ್ಲಿ ಕರಾಮಾ, ಬರ್ ದುಬೈ ಭಾಗ, ಕ್ವಾಲಾಲಂಪುರದಲ್ಲಿ ಬ್ರಿಕ್‌ಫೀಲ್ಡ್ಸ್, ಬ್ಯಾಂಕಾಕಿನಲ್ಲಿ ಪಾಹುರತ್. ಹೋಟೆಲ್ ಕಾದಿರಿಸುವಾಗಲೇ ಈ ಜಾಗಗಳಿಂದ ಎಷ್ಟು ದೂರ ಎಂದು ನಕ್ಷೆಯಲ್ಲಿ ನೋಡಿ. ಎಲ್ಲೂ ಏನೂ ಸಿಗದಿದ್ದರೆ ಗುರುದ್ವಾರ ಹುಡುಕಿ. ದುಬೈಯ ಜೆಬೆಲ್ ಅಲಿಯಲ್ಲಿ, ಬ್ಯಾಂಕಾಕಿನ ಪಾಹುರತ್‌ನಲ್ಲಿ ದೊಡ್ಡ ಗುರುದ್ವಾರಗಳಿವೆ. ಲಂಗರಿನ ಬಿಸಿ ದಾಲ್–ರೋಟಿಯನ್ನು ಯಾವ ಜಾತಿ, ಧರ್ಮ ಎಂದು ಕೇಳದೆ ಬಡಿಸುತ್ತಾರೆ. ತಲೆ ಮುಚ್ಚಿಕೊಂಡು ಹೋಗಬೇಕು.

ಉಮ್ರಾಕ್ಕೆ ಹೋಗುವವರಿಗೆ ಹಲಾಲ್ ಚಿಂತೆಯಿಲ್ಲ, ಆದರೆ ಒಂಟೆಯ ಹಸಿ ಹಾಲನ್ನು ಔಷಧಿಯೆಂದು ಯಾರಾದರೂ ಕೊಟ್ಟರೆ ಬಸುರಿ ಕುಡಿಯಬಾರದು. ಶವರ್ಮಾ ಬೇಕೆನಿಸಿದರೆ ಮಾಂಸ ಪೂರ್ತಿ ಬೆಂದಿದೆಯೇ ನೋಡಿ, ಅದರೊಳಗಿನ ಹಸಿ ತರಕಾರಿ, ಮಯೋನೀಸ್ ಬಿಡಿಸಿ. ಖರ್ಜೂರ ಅಲ್ಲಿ ಬೇಕಾದಷ್ಟು ಸಿಗುತ್ತದೆ. ತವಾಫ್, ಸಯೀ ವಿಧಿಗಳ ನಡುವೆ ನೀರು ಕುಡಿಯುತ್ತ, ಬೇಕಾದರೆ ಗಾಲಿಕುರ್ಚಿ ಹಿಡಿದು ಮಾಡಿ.

ಊಟ ಒಳಗೆ ನಿಲ್ಲದಿದ್ದರೆ

ಮೊದಲು ನೀರಿನಂಶ ಉಳಿಸಿ. ಓಆರ್‌ಎಸ್ ಪೊಟ್ಟಣಗಳನ್ನು ಇಲ್ಲಿಂದಲೇ ಒಯ್ಯಿರಿ. ಪೊಟ್ಟಣದ ಮೇಲೆ ಬರೆದ ಅಳತೆಯಷ್ಟೇ ನೀರಿಗೆ ಹಾಕಿ, ಗುಟುಕು ಗುಟುಕಾಗಿ ಕುಡಿಸಿ. ಅದು ಇಲ್ಲದಾಗ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು. ಒಣ ಶುಂಠಿಯ ಚೂರು ಬಾಯಲ್ಲಿಟ್ಟುಕೊಂಡರೆ ಕೆಲವರಿಗೆ ಸಂಕಟ ಇಳಿಯುತ್ತದೆ. ಭೇದಿ ನಿಲ್ಲಿಸುವ ಮಾತ್ರೆ, ನೋವಿನ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ನುಂಗಬೇಡಿ. ಕಬ್ಬಿಣದ ಮಾತ್ರೆಯನ್ನು ಚಹಾ, ಹಾಲಿನ ಜೊತೆ ಬೇಡ; ಕ್ಯಾಲ್ಸಿಯಂ ಮಾತ್ರೆಗೂ ಅದಕ್ಕೂ ಕನಿಷ್ಠ ಎರಡು ತಾಸು ಅಂತರವಿರಲಿ.

ಒಂದು ಇಡೀ ದಿನ ನೀರೂ ಹೊಟ್ಟೆಯಲ್ಲಿ ನಿಲ್ಲದಿದ್ದರೆ, ಮೂತ್ರ ಕಡಿಮೆಯಾಗಿ ಗಾಢ ಬಣ್ಣಕ್ಕೆ ತಿರುಗಿದರೆ, 38 ಡಿಗ್ರಿ ಸೆಲ್ಸಿಯಸ್ ದಾಟಿ ಜ್ವರ ಬಂದರೆ, ಭೇದಿಯಲ್ಲಿ ರಕ್ತ ಕಂಡರೆ, ರಕ್ತಸ್ರಾವವಾದರೆ, ವಿಪರೀತ ತಲೆನೋವು ಬಂದು ಕಣ್ಣು ಮಂಜಾದರೆ, ಹೊಟ್ಟೆ ಬಿಗಿಯುತ್ತಿದ್ದರೆ ಅಥವಾ ಕೂಸಿನ ಅಲುಗಾಟ ಕಡಿಮೆಯಾದರೆ ತಿರುಗಾಟ ಅಲ್ಲಿಗೆ ನಿಲ್ಲಿಸಿ ಆಸ್ಪತ್ರೆಗೆ ಹೋಗಿ. ಅದಕ್ಕಾಗಿ ತಾಯಿ ಕಾರ್ಡ್, ರಕ್ತದ ಗುಂಪು, ಹೆರಿಗೆಯ ದಿನಾಂಕ, ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಹೆಸರನ್ನು ಇಂಗ್ಲಿಷಿನಲ್ಲಿ ಒಂದು ಹಾಳೆಯ ಮೇಲೆ ಬರೆದು ಆಕೆಯ ಕೈಚೀಲದಲ್ಲೇ ಇಡಿ, ಫೋಟೊ ಗಂಡನ ಮೊಬೈಲಿನಲ್ಲಿರಲಿ. ಊರಿಗೆ ಮರಳಿದ ಮೇಲೂ ಎಚ್ಚರ ಬೇಕು. ಲಿಸ್ಟೀರಿಯಾ ಸೋಂಕು ವಾರಗಳ ನಂತರವೂ ತಲೆಯೆತ್ತಬಹುದು. ಬಂದ ಮೇಲೆ ಜ್ವರ ಕಂಡರೆ ವೈದ್ಯರಿಗೆ ಹೋಗಿದ್ದ ದೇಶ, ತಿಂದಿದ್ದ ಪದಾರ್ಥ ಎರಡನ್ನೂ ಹೇಳಿ.

ಮನೆಯವರಿಗೆ ಒಂದು ಮಾತು. ಆಕೆ ಉಣ್ಣಲಿಲ್ಲವೆಂದರೆ ಅದು ಹಟವಲ್ಲ, ಸೊಕ್ಕೂ ಅಲ್ಲ. ಬಸಿರಿನಲ್ಲಿ ಮೂಗು, ನಾಲಗೆ ಎರಡೂ ಬದಲಾಗುತ್ತವೆ. ಊರಲ್ಲಿ ಹಿಡಿಸಿದ್ದು ಅಲ್ಲಿ ಹಿಡಿಸದೆ ಇರಬಹುದು. ಕುಬಸಕ್ಕೆ ಐದಾರು ಬಗೆ ಅಡುಗೆ ಮಾಡಿ ಕೂಡ್ರಿಸಿ ಉಣ್ಣಿಸುವ ನಾವು, ಪರಸ್ಥಳದಲ್ಲಿ ಅವಳಿಗಾಗಿ ಒಂದು ಸುತ್ತಾಟ ಬಿಟ್ಟು ಬಿಸಿ ಅನ್ನ ಹುಡುಕಿಕೊಂಡು ಹೋಗಲೇಬೇಕು. ದಿನದ ಕಾರ್ಯಕ್ರಮ ಬರೆಯುವಾಗ ನೋಡುವ ಜಾಗಗಳಿಗಿಂತ ಮೊದಲು ಆಕೆಯ ಊಟದ ಹೊತ್ತು ಬರೆಯಿರಿ, ಉಳಿದದ್ದನ್ನು ಅದರ ಸುತ್ತ ಹೊಂದಿಸಿ.

ಪ್ರತಿ ತಿಂಗಳ 9ರಂದು ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ನಡೆಯುತ್ತದೆ. ಈ ವರ್ಷ ಹೊರಡುವ ಯೋಚನೆ ಇರುವವರು ಟಿಕೆಟ್ ತೆಗೆಸುವ ಮೊದಲು ತಾಯಿ ಕಾರ್ಡ್ ಹಿಡಿದು ಅಲ್ಲಿಗೋ ನಿಮ್ಮ ವೈದ್ಯರ ಬಳಿಗೋ ಹೋಗಿ ಬನ್ನಿ.